ಮೂರನೆಯ ಗಾಯಕನ ಬಾಯಿ

ಪರದೆಯ ಮೇಲೆ ಮೂವರು ಹಾಡುಗಾರರು ಸಾಲಾಗಿ ನಿಂತಿದ್ದಾರೆ. ಮೂರನೆಯವನು ನಾನು. ಸ್ಟೈಲಸ್ ಕಡ್ಡಿಯನ್ನು ಪರದೆಗೆ ಒತ್ತಿ ಹಿಡಿದಷ್ಟು ಹೊತ್ತು ಅವನ ಬಾಯಿ ಮುಚ್ಚಿರುತ್ತದೆ. ಎತ್ತಿದೊಡನೆ ದನಿ ಹೊರಡುತ್ತದೆ. ಮುಟ್ಟಿದರೆ ಮೌನ, ಬಿಟ್ಟರೆ ಹಾಡು. ತಟ್ಟಿ, ಮೀಟಿ ನುಡಿಸುವ ಕೈಗೆ ಇದು ಪೂರ್ತಿ ತಲೆಕೆಳಗು. ನಾನು ತಪ್ಪಿದಾಗಲೆಲ್ಲ ಪಕ್ಕದ ಇಬ್ಬರೂ ತಿರುಗಿ ದುರುಗುಟ್ಟುತ್ತಾರೆ. ಅಂಕ ಕಳೆದುಕೊಂಡದ್ದಕ್ಕಿಂತ ಆ ನೋಟಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಇದು ನಿಂಟೆಂಡೊ ಡಿಎಸ್‌ಗೆ ಬಂದ ‘ರಿದಮ್ ಹೆವನ್’ನೊಳಗಿನ ‘ಗ್ಲೀ ಕ್ಲಬ್’ ಎಂಬ ಪುಟ್ಟ ಆಟ. ಜಪಾನಿನಲ್ಲಿ 2008ರಲ್ಲಿ, ಅಮೆರಿಕ ಮತ್ತು ಯುರೋಪಿನಲ್ಲಿ 2009ರಲ್ಲಿ ಬಂತು. ಇದಕ್ಕೆ ಮೊದಲು 2006ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ‘ರಿದಮ್ ಟೆಂಗೋಕು’ ಜಪಾನಿನ ಗಡಿ ದಾಟಿರಲಿಲ್ಲ. ಎರಡರ ಹಿಂದೆಯೂ ಇದ್ದವರು ‘ಮಾರ್ನಿಂಗ್ ಮುಸುಮೆ’ ಎಂಬ ಹುಡುಗಿಯರ ತಂಡವನ್ನು ಕಟ್ಟಿದ ಸಂಗೀತ ನಿರ್ಮಾಪಕ ತ್ಸುಂಕು.

‘ಗಿಟಾರ್ ಹೀರೊ’ದಂಥ ಆಟಗಳಲ್ಲಿ ಬಣ್ಣದ ಗುರುತುಗಳು ಉರುಳಿ ಬರುತ್ತವೆ, ಗೆರೆ ಮುಟ್ಟಿದಾಗ ಒತ್ತಬೇಕು. ಅಲ್ಲಿ ನಿಜವಾಗಿ ದುಡಿಯುವುದು ಕಣ್ಣು. ಇಲ್ಲಿ ಅಂಥ ಗುರುತೇ ಇಲ್ಲ. ಬೇಕಾದ್ದೆಲ್ಲ ಕಿವಿಗೆ ಬೀಳುತ್ತದೆ. ಚಿತ್ರ ಇರುವುದು ಬಹುಪಾಲು ನಮ್ಮನ್ನು ಕೆಡಿಸಲಿಕ್ಕೆ. ‘ಲಾಕ್‌ಸ್ಟೆಪ್’ ನೋಡಿ. ಒಂದೇ ಅಚ್ಚಿನ ಗೊಂಬೆಗಳ ದಂಡು ತಾಳಕ್ಕೆ ಹೆಜ್ಜೆ ಹಾಕುತ್ತದೆ. ಒಂದು ಸೂಚನೆ ಕೇಳಿಸಿದ್ದೇ ಹೆಜ್ಜೆಯನ್ನು ಎರಡು ಎಣಿಕೆಗಳ ನಡುವಣ ಸಂದಿಗೆ ಸರಿಸಬೇಕು, ಇನ್ನೊಂದು ಸೂಚನೆಗೆ ಮರಳಿ ಎಣಿಕೆಯ ಮೇಲಕ್ಕೆ. ಕರ್ನಾಟಕ ಸಂಗೀತದಲ್ಲಿ ಸಮದಲ್ಲಿ, ಎಂದರೆ ತಾಳದ ಮೊದಲ ಎಣಿಕೆಯಲ್ಲೇ, ಎತ್ತಿಕೊಂಡು ಅಭ್ಯಾಸವಾದವರು ಅರೆ ಎಣಿಕೆ ಬಿಟ್ಟು ಎತ್ತುವ ಕೃತಿಗೆ ತಾಳ ಹಾಕುವಾಗ ಕೈ ತಾನಾಗಿ ಸಮಕ್ಕೆ ಜಾರುತ್ತದಲ್ಲ, ಅದೇ ಪಾಡು. ಸಾಲದ್ದಕ್ಕೆ ಕ್ಯಾಮೆರಾ ದೂರ ದೂರ ಸರಿದು ದಂಡೆಲ್ಲ ಚುಕ್ಕೆಗಳಾಗುತ್ತದೆ. ಅದರಲ್ಲಿ ನನ್ನನ್ನು ಹುಡುಕಿಕೊಂಡರೆ ಕೆಟ್ಟೆ. ಕಣ್ಣು ಮುಚ್ಚಿಕೊಂಡರೆ ಪಾರಾದೆ.

ಹಾಗಾದರೆ ಈ ಹುಚ್ಚುಚ್ಚು ಚಿತ್ರಗಳು ಬರೀ ಅಡ್ಡಿಯೇ? ಅಲ್ಲ. ‘ಫ್ಯಾನ್ ಕ್ಲಬ್’ನಲ್ಲಿ ವೇದಿಕೆಯ ಮೇಲೊಬ್ಬ ಹಾಡುಗಾರ್ತಿ, ಕೆಳಗೆ ಮಂಗಗಳ ಅಭಿಮಾನಿ ಬಳಗ. ಅದರಲ್ಲೊಂದು ಮಂಗ ನಾವು. ಆಕೆ ಕರೆದಾಗ ಚಪ್ಪಾಳೆ ತಟ್ಟಬೇಕು, ನೆಗೆಯಬೇಕು. ಇಂಥ ಗಾಯಕಿಯರನ್ನು ತಯಾರು ಮಾಡುವುದನ್ನೇ ಕಸುಬಾಗಿಸಿಕೊಂಡ ತ್ಸುಂಕು ತನ್ನ ಪ್ರೇಕ್ಷಕರನ್ನು ಮಂಗಗಳಾಗಿಸಿದ್ದಾನೆ. ಆದರೂ ಅದರಲ್ಲಿ ಕುಹಕವಿಲ್ಲ. ಚಪ್ಪಾಳೆ ಕೂಡಿಬಂದ ಗಳಿಗೆಯಲ್ಲಿ ಮಂಗನಾಗಿರುವುದೇ ಸುಖವೆನಿಸುತ್ತದೆ. ಒಣ ಎಣಿಕೆ ಮರೆತುಹೋದೀತು, ಮಂಗದ ಚಪ್ಪಾಳೆ ಮರೆಯುವುದಿಲ್ಲ.

ಆಟದ ನಿಜವಾದ ದೋಷ ಕಡ್ಡಿಯಲ್ಲಿದೆ. ಯಂತ್ರವನ್ನು ಪುಸ್ತಕದಂತೆ ಅಡ್ಡ ಹಿಡಿದು ಆಡಬೇಕು. ತಟ್ಟುವುದು, ಒತ್ತಿ ಹಿಡಿಯುವುದು ಸಲೀಸು. ಕಡ್ಡಿಯನ್ನು ಪರದೆಯ ಮೇಲೆ ಸರಕ್ಕನೆ ಚಿಮ್ಮುವುದಿದೆಯಲ್ಲ, ಅದೇ ತಲೆನೋವು. ಒತ್ತಡದಿಂದ ಕೆಲಸ ಮಾಡುವ ಪರದೆ ಇದು. ಸ್ವಲ್ಪ ಹಗುರವಾಗಿ, ಇಲ್ಲವೇ ನಿಧಾನವಾಗಿ ಚಿಮ್ಮಿದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ತಾಳ ತಪ್ಪಿದೆನೋ, ಚಿಮ್ಮಿದ್ದು ಯಂತ್ರಕ್ಕೆ ತಿಳಿಯಲಿಲ್ಲವೋ ಎಂದು ಆಟ ಬಾಯಿಬಿಡುವುದಿಲ್ಲ. ಬೇರೆ ಆಟದಲ್ಲಾದರೆ ಇದನ್ನು ಸಣ್ಣ ಕಿರಿಕಿರಿ ಎನ್ನಬಹುದಿತ್ತು. ಕಿವಿಯನ್ನು ನಂಬು ಎಂದು ಕಲಿಸುವ ಆಟದಲ್ಲಿ ಇದು ನಂಬಿಕೆದ್ರೋಹ. ತಯಾರಕರಿಗೂ ಮನವರಿಕೆಯಾಗಿರಬೇಕು: ನಿಂಟೆಂಡೊದ ವೀ ಯಂತ್ರಕ್ಕೆ ಬಂದ 2011ರ ಆವೃತ್ತಿ ಗುಂಡಿಗಳಿಗೇ ಮರಳಿತು. ಅದರ ಮೇಲೆ, ಒಂದೂ ತಪ್ಪಿಲ್ಲದೆ ಆಡಿ ‘ಪರ್ಫೆಕ್ಟ್’ ಪಡೆಯಲು ಸಿಗುವುದು ಮೂರೇ ಅವಕಾಶ, ಅದೂ ಆಟಕ್ಕೆ ಮನಸ್ಸು ಬಂದಾಗ. ಮೂರನೆಯದನ್ನು ಒಂದು ಚಿಮ್ಮಿಗೆ ಕಳೆದುಕೊಂಡವರಿಗೇ ಆ ಸಂಕಟ ಗೊತ್ತು. ಹಲವು ಸಲ ಸೋತವರನ್ನು ಆಟದೊಳಗಿನ ಕೆಫೆಯ ಬಾರಿಸ್ತಾ ಸಮಾಧಾನಪಡಿಸಿ ಮುಂದಕ್ಕೆ ದಾಟಿಸುತ್ತಾನೆ, ಅದೊಂದು ಪುಣ್ಯ.

ಇಷ್ಟೆಲ್ಲ ದೂರಿದ ಮೇಲೂ ನಾನು ಮತ್ತೆ ಮತ್ತೆ ಹೋಗುವುದು ‘ರೀಮಿಕ್ಸ್’ಗಳಿಗೆ. ನಾಲ್ಕು ಆಟ ಮುಗಿದಾಗೊಮ್ಮೆ ಬರುವ ಇವುಗಳಲ್ಲಿ ಕಲಿತದ್ದೆಲ್ಲ ಒಂದೇ ಹೊಸ ಹಾಡಿನೊಳಗೆ ನುಗ್ಗುತ್ತದೆ. ದೃಶ್ಯ ಪಟಪಟನೆ ಬದಲಾಗುತ್ತದೆ, ತಾಳ ಮಾತ್ರ ನಿಲ್ಲುವುದಿಲ್ಲ. ಮಂಗಕ್ಕೆ ಚಪ್ಪಾಳೆ ಕೊಟ್ಟು ಮುಗಿಸುವುದರೊಳಗೆ ಆ ಮೂವರು ಮತ್ತೆ ಬಂದು ನಿಂತಿರುತ್ತಾರೆ, ನಾನು ಕಡ್ಡಿ ಒತ್ತುವುದನ್ನು ಮರೆತಿರುತ್ತೇನೆ, ಮೂರನೆಯವನು ಯಾರೂ ಕೇಳದಿದ್ದರೂ ದೊಡ್ಡ ದನಿ ತೆಗೆದು ಹಾಡುತ್ತಿರುತ್ತಾನೆ.