ಪರರ ಇಡುಗಂಟು

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ಮಗಳು ದೆಹಲಿಯ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಮೊದಲನೆಯ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎರಡು ದಿನ ಅವಳು ಸರಿಯಾಗಿ ಊಟಮಾಡಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಸಮಾಧಾನ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣದೊಂದು ಸಂತೋಷ ಬೆಚ್ಚಗೆ ಕುಳಿತಿತ್ತು. ಎರಡನೆಯ ಪಟ್ಟಿಯಲ್ಲಿ ಹೆಸರು ಬಂತು. ಆಗ ಬಂಧುಬಳಗಕ್ಕೆಲ್ಲ ಫೋನು ಮಾಡಿ, ದನಿ ಏರಿಸಿ ಸುದ್ದಿ ಹೇಳಿದವನೂ ನಾನೇ. ಆ ಹೆಮ್ಮೆ ಸುಳ್ಳಲ್ಲ. ಮೊದಲಿನ ಸಂತೋಷವೂ ಸುಳ್ಳಲ್ಲ. ಒಂದೇ ಎದೆಯಲ್ಲಿ ಈ ಎರಡೂ ಹೇಗೆ ಇದ್ದುವು ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ಅವಳನ್ನು ರೈಲು ಹತ್ತಿಸಿ ಬಂದಮೇಲೆ ನಾನು ಪುಸ್ತಕಗಳ ಕಡೆಗೆ ತಿರುಗಿದೆ. ಸಮಾಧಾನ ಹುಡುಕಿಕೊಂಡು ಅಲ್ಲ. ಸಮಾಧಾನ ಹೇಳುವವರು ನೆರೆಹೊರೆಯಲ್ಲೇ ಬೇಕಾದಷ್ಟು ಜನ ಇದ್ದರು. ನನಗಾದದ್ದು ಏನು ಎಂಬುದನ್ನು ಯಾರಾದರೂ ಹೇಳಿದ್ದಾರೆಯೇ ಎಂದು ನೋಡಬೇಕಾಗಿತ್ತು.

ಮೊದಲು ಕೈಗೆ ಬಂದದ್ದು, ಬರಬೇಕಾದದ್ದೇ, ‘ಶಾಕುಂತಲ’ದ ನಾಲ್ಕನೆಯ ಅಂಕ. ಕಾಳಿದಾಸನ ಕಾವ್ಯಶಕ್ತಿಯ ಶಿಖರ ಇದೇ ಎಂದು ಪರಂಪರೆ ಸಾರಿಕೊಂಡು ಬಂದಿದೆ. 19ನೆಯ ಶತಮಾನದಲ್ಲಿ ಬಸವಪ್ಪಶಾಸ್ತ್ರಿಗಳು ಈ ನಾಟಕವನ್ನು ಕನ್ನಡಿಸಿದರು. ಆ ಬೀಳ್ಕೊಡುಗೆಯ ದೃಶ್ಯ ಅಂದಿನಿಂದ ನಮ್ಮದೂ ಆಗಿದೆ. ಕಣ್ವ ಸಂಸಾರಿಯಲ್ಲ, ಹೆತ್ತ ತಂದೆಯೂ ಅಲ್ಲ, ಸಾಕಿದವನು. ಆದರೂ ಅವನ ಗಂಟಲು ಕಟ್ಟುತ್ತದೆ. ಕಾಡಿನಲ್ಲಿರುವ ತನಗೇ ಹೀಗಾದರೆ ಮನೆಮಠವುಳ್ಳ ಗೃಹಸ್ಥರ ಪಾಡೇನು ಎಂದು ಅವನು ಬೆರಗಾಗುತ್ತಾನೆ. ಮರಗಳು ಉಡುಗೊರೆ ಕೊಡುತ್ತವೆ. ಶಕುಂತಲೆ ಸಾಕಿದ ಜಿಂಕೆಯ ಮರಿ ಅವಳ ಸೆರಗನ್ನು ಹಿಡಿದೆಳೆಯುತ್ತದೆ.

ಈ ಅಂಕವನ್ನು ಮೆಚ್ಚುವವರೆಲ್ಲ ಅದರ ಕಣ್ಣೀರನ್ನು ಮೆಚ್ಚುತ್ತಾರೆ. ನನಗೆ ಈಸಲ ಹಿಡಿಸಿದ್ದು ಕಣ್ಣೀರಲ್ಲ, ಅಂಕದ ಕೊನೆಯ ಮಾತು. ಮಗಳು ಕಣ್ಮರೆಯಾದ ಮೇಲೆ ಕಣ್ವನಿಗೆ ಹಗುರವೆನಿಸುತ್ತದೆ. ಹೆಣ್ಣುಮಗಳು ಪರರ ಸೊತ್ತು. ಬೇರೊಬ್ಬರು ಕಾಪಾಡಲು ಇಟ್ಟುಹೋದ ಗಂಟನ್ನು ಒಡೆಯನಿಗೆ ಒಪ್ಪಿಸಿದವನಂತೆ ತನ್ನ ಮನಸ್ಸು ತಿಳಿಯಾಗಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಹೆಣ್ಣನ್ನು ಪರರ ಸೊತ್ತೆಂದ ಮಾತು ಇಂದು ನಮಗೆ ಒಪ್ಪಿಗೆಯಾಗುವುದಿಲ್ಲ. ನನ್ನ ಮಗಳ ಮುಂದೆ ಆಡಿದರೆ ಅವಳು ನಕ್ಕಾಳು, ಇಲ್ಲವೆ ಜಗಳಕ್ಕೆ ನಿಂತಾಳು. ಆದರೆ ಆ ಮಾತಿನ ಹಿಂದಿರುವ ಭಾವವನ್ನು ತಳ್ಳಿಹಾಕುವಂತಿಲ್ಲ. ಅಗಲಿಕೆಯಲ್ಲಿ ಬಿಡುಗಡೆಯ ಅಂಶವೂ ಇದೆ ಎಂಬುದನ್ನು ಕಾಳಿದಾಸ ಮುಚ್ಚಿಡಲಿಲ್ಲ. ಅದು ದೊಡ್ಡ ಧೈರ್ಯ.

ಆದರೆ ಒಂದು ತೊಡಕಿದೆ. ಕಣ್ವನ ಮನಸ್ಸು ತಿಳಿಯಾಗುವುದಕ್ಕೆ ಗಂಟಿನ ಒಡೆಯನೊಬ್ಬ ಬೇಕು. ಅತ್ತ ದುಷ್ಯಂತನಿದ್ದಾನೆ; ಅವನು ಮರೆತು ಕುಳಿತಿದ್ದಾನೆ ಎಂಬುದು ಬೇರೆ ಮಾತು. ಒಪ್ಪಿಸಲು ಒಂದು ಮನೆಯಿದೆ, ಹೇಳಲು ಬುದ್ಧಿಮಾತಿದೆ, ನಡೆಸಲು ಮಂಗಳಕಾರ್ಯವಿದೆ. ಓದಲು ಹೋಗುವ ಮಗುವಿಗೆ ಇದಾವುದೂ ಇಲ್ಲ. ಆರತಿ ಎತ್ತುವುದಕ್ಕೆ ಶಾಸ್ತ್ರವಿಲ್ಲ, ಅಳುವುದಕ್ಕೆ ಸಂಪ್ರದಾಯವಿಲ್ಲ. ರೈಲ್ವೆ ಪ್ಲಾಟುಫಾರಮ್ಮಿನಲ್ಲಿ ನಿಂತು ಟಿಕೆಟು ಇದೆಯೇ, ಚಾರ್ಜರು ಇಟ್ಟುಕೊಂಡೆಯಾ ಎಂದು ಕೇಳುವುದೇ ನಮ್ಮ ಮಂತ್ರ. ಗಂಟನ್ನು ಒಪ್ಪಿಸಿದೆವು, ನಿಜ. ಯಾರಿಗೆ?

ನಮ್ಮ ಕನ್ನಡದಲ್ಲಿ ಈ ಪ್ರಶ್ನೆಗೆ ಹತ್ತಿರ ಬಂದ ಕೃತಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಕಡಲ ತಡಿಯ ವೈದಿಕ ರಾಮ ಐತಾಳರಿಗೆ ಮಗ ಲಚ್ಚ ಇಂಗ್ಲಿಷು ಓದಬೇಕೆಂಬ ಆಸೆ. ಆ ಆಸೆಯಲ್ಲಿ ಪ್ರೀತಿಯಿಲ್ಲವೆಂದಲ್ಲ. ಜೊತೆಗೆ ನೆರೆಯವರ ಏಳಿಗೆಯನ್ನು ಕಂಡ ಹೊಟ್ಟೆಕಿಚ್ಚೂ ಇದೆ, ಲೆಕ್ಕಾಚಾರವೂ ಇದೆ. ಐತಾಳರ ಪಾಲಿಗೆ ಮಗ ಪರರ ಇಡುಗಂಟಲ್ಲ, ಬಡ್ಡಿಗೆ ಬಿಟ್ಟ ಹಣ. ಬಡ್ಡಿ ಬರಲಿಲ್ಲ, ಅಸಲೂ ಮುಳುಗಿತು. ಓದಿದ ಮಗ ಮನೆಯನ್ನೇ ಹಾಳುಮಾಡಿದ. ಮುಂದೆ ಮೊಮ್ಮಗ ರಾಮ ಮದರಾಸಿಗೆ ಓದಲು ಹೋಗುತ್ತಾನೆ. ಇತ್ತ ತಾಯಿ ನಾಗವೇಣಿ ಬಡತನದಲ್ಲಿ ದಿನ ನೂಕುತ್ತಾಳೆ. ಕೊನೆಗೆ ಅವನು ಊರಿಗೆ ಬರುತ್ತಾನೆ, ಮಣ್ಣಿಗೆ ಬರುತ್ತಾನೆ, ತಾಯಿಯ ಬಳಿಗೆ ಬರುತ್ತಾನೆ.

ಈ ಕಾದಂಬರಿಯ ದೊಡ್ಡತನದ ಬಗೆಗೆ ಎರಡು ಮಾತಿಲ್ಲ. ಅದರ ಕೊನೆಯನ್ನು ಓದಿ ನಾನು ಎಷ್ಟೋ ಸಲ ಹಿಗ್ಗಿದ್ದೇನೆ. ಆದರೆ ಈ ಸಲ ಓದಿದಾಗ ಒಂದು ಅನುಮಾನ ಬಂತು. ಹೆತ್ತವರ ಒಳಗಿನ ಗುಟ್ಟಾದ ಬಯಕೆಯನ್ನು ಈ ಕತೆ ತೀರಿಸಿಬಿಡುತ್ತದೆ. ಹೋದ ಮಗು ಹಿಂದಿರುಗೀತು, ನಾವು ಬಾಗಿಲು ತೆರೆದಿಟ್ಟರೆ ಸಾಕು ಎಂಬ ಬಯಕೆ ಅದು. ಕಾರಂತರಿಗೆ ಅದನ್ನು ತೀರಿಸಲು ತಕ್ಕ ಕಾರಣಗಳಿದ್ದುವು. ಅವರ ಕಣ್ಣು ಮಣ್ಣಿನ ಮೇಲಿತ್ತು, ಮೂರು ತಲೆಮಾರಿನ ಬಾಳುವೆಯ ಮೇಲಿತ್ತು. ಹಿಂದಿರುಗದ ಮಕ್ಕಳ ತಾಯ್ತಂದೆಯರು ಮಾತ್ರ ಬೇರೆಲ್ಲಿಗಾದರೂ ಹೋಗಬೇಕು.

ನಾನು ಹೋದದ್ದು ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ಚಿತ್ರಕ್ಕೆ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯ ಕೊನೆಯ ಭಾಗವನ್ನೂ ‘ಅಪರಾಜಿತೊ’ ಕಾದಂಬರಿಯ ಮೊದಲ ಭಾಗವನ್ನೂ ಆಧರಿಸಿ ಅವರು 1956ರಲ್ಲಿ ಈ ಚಿತ್ರವನ್ನು ಮಾಡಿದರು. ಮರುವರ್ಷ ವೆನಿಸ್ಸಿನ ಉತ್ಸವದಲ್ಲಿ ಅದಕ್ಕೆ ಸ್ವರ್ಣಸಿಂಹ ದೊರೆಯಿತು. ಊರಿನ ಪ್ರೇಕ್ಷಕರು ಮಾತ್ರ ಅಷ್ಟಾಗಿ ಒಲಿಯಲಿಲ್ಲ. ತಾಯಿಗೂ ಮಗನಿಗೂ ನಡುವೆ ಹೀಗೆ ದೂರ ಬೆಳೆಯುವುದನ್ನು ತೆರೆಯ ಮೇಲೆ ನೋಡುವುದು ಅವರಿಗೆ ಕಸಿವಿಸಿಯಾಯಿತು. 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಬೆಂಕಿ ಬಿದ್ದು ಅಪು ಚಿತ್ರತ್ರಯದ ಮೂಲ ನೆಗೆಟಿವುಗಳು ಹಾಳಾದುವು. ಉಳಿದುದನ್ನು ಜೋಡಿಸಿ 2015ರಲ್ಲಿ ಸಿದ್ಧಪಡಿಸಿದ ಪ್ರತಿಯನ್ನು ನಾನು ಮನೆಯಲ್ಲೇ, ಮಗಳ ಕೋಣೆಯಲ್ಲಿ ಕುಳಿತು ನೋಡಿದೆ.

ಕತೆ ಸರಳವಾದದ್ದು. ಗಂಡನನ್ನು ಕಳೆದುಕೊಂಡ ಸರ್ವಜಯೆಗೆ ಉಳಿದವನು ಒಬ್ಬನೇ ಮಗ ಅಪು. ಅವನು ಪೌರೋಹಿತ್ಯ ಮಾಡಿಕೊಂಡು ಹಳ್ಳಿಯಲ್ಲಿರಲಿ ಎಂಬುದು ಅವಳ ಆಸೆ. ಹುಡುಗ ಜಾಣ, ವಿದ್ಯಾರ್ಥಿವೇತನ ಗಳಿಸುತ್ತಾನೆ, ಕಲಕತ್ತೆಯ ಕಾಲೇಜಿಗೆ ಹೋಗುತ್ತೇನೆನ್ನುತ್ತಾನೆ. ಮಾತಿಗೆ ಮಾತು ಬೆಳೆದು ಅವಳು ಅವನ ಕೆನ್ನೆಗೆ ಹೊಡೆಯುತ್ತಾಳೆ. ಮರುಗಳಿಗೆಯಲ್ಲೇ ಹಿಂದೆ ಹೋಗಿ ರಮಿಸುತ್ತಾಳೆ. ತಾನು ಕೂಡಿಟ್ಟ ಹಣವನ್ನು ಅವನ ಓದಿಗೆ ಕೊಡುತ್ತಾಳೆ. ಹೊಡೆದ ಕೈಯೂ ಅದೇ, ಕೊಟ್ಟ ಕೈಯೂ ಅದೇ. ನನ್ನ ಎರಡು ಪಟ್ಟಿಗಳ ಕತೆ ಇಲ್ಲಿದೆ ಎನಿಸಿತು.

ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ ನೆನೆಯುವುದು ಮಿಂಚುಹುಳುಗಳ ದೃಶ್ಯವನ್ನು. ಕಾಯಿಲೆಯಿಂದ ಸೊರಗಿದ ತಾಯಿಗೆ ಮಗ ಕರೆದಂತೆ ಕೇಳಿಸುತ್ತದೆ. ಬಾಗಿಲಿಗೆ ಬಂದು ನೋಡಿದರೆ ಕೆರೆಯ ಮೇಲಿನ ಕತ್ತಲಲ್ಲಿ ಮಿಂಚುಹುಳುಗಳಲ್ಲದೆ ಬೇರೆ ಯಾರೂ ಇಲ್ಲ. ಸೊಗಸಾದ ದೃಶ್ಯ, ನಿಜ. ಆದರೆ ಚಿತ್ರದ ಹೃದಯ ಅಲ್ಲಿಲ್ಲವೆಂದು ನನ್ನ ಅಭಿಪ್ರಾಯ. ಅದು ಇರುವುದು ಅದಕ್ಕೂ ಮುಂಚೆ, ಒಂದು ರಜೆಯ ಕೊನೆಯಲ್ಲಿ.

ಅಪು ರಜೆಗೆ ಬಂದಿದ್ದಾನೆ. ರಾತ್ರಿ ತಾಯಿ ಮಾತನಾಡುತ್ತಾಳೆ. ತನಗೆ ದೊಡ್ಡ ಕಾಯಿಲೆ ಬಂದರೆ ದುಡಿದ ಹಣದಿಂದ ಔಷಧಿ ಮಾಡಿಸುತ್ತೀಯಾ ಎಂದು ಕೇಳುತ್ತಾಳೆ. ಉತ್ತರವಿಲ್ಲ, ತಿರುಗಿ ನೋಡಿದರೆ ಮಗ ನಿದ್ದೆಹೋಗಿದ್ದಾನೆ. ರಜೆ ಮುಗಿದ ದಿನ ಅವನು ಬೇಗ ಎದ್ದು ರೈಲು ಹಿಡಿಯಬೇಕು. ಎಬ್ಬಿಸೆಂದು ತಾಯಿಗೆ ಹೇಳಿ ಮಲಗಿದ್ದಾನೆ. ಅವಳಿಗೆ ಎಬ್ಬಿಸಲು ಮನಸ್ಸು ಬರುವುದಿಲ್ಲ. ತಡವಾಗಿ ಎದ್ದ ಮಗ ರೇಗಿ, ಅವಸರವಸರವಾಗಿ ಹೊರಡುತ್ತಾನೆ. ನಿಲ್ದಾಣ ತಲುಪುತ್ತಾನೆ, ರೈಲೂ ಬರುತ್ತದೆ, ಅವನು ಹತ್ತುವುದಿಲ್ಲ. ಮನೆಗೆ ಹಿಂದಿರುಗಿ ರೈಲು ತಪ್ಪಿತೆಂದು ಹೇಳುತ್ತಾನೆ.

ತಾಯಿ ಒಂದು ದಿನವನ್ನು ಕದಿಯಲು ನೋಡಿದಳು. ಮಗ ಅದನ್ನು ಅವಳಿಗೆ ಕೊಟ್ಟ, ಕೊಟ್ಟೆನೆಂದು ಹೇಳದೆ ಕೊಟ್ಟ. ಇಷ್ಟೇ. ಇಲ್ಲಿ ಸಾವಿಲ್ಲ, ಅಳುವಿಲ್ಲ. ಹೆತ್ತವರ ಸ್ವಾರ್ಥವನ್ನು ರಾಯ್ ಹೀಗಳೆಯುವುದಿಲ್ಲ. ತ್ಯಾಗವೆಂದು ಬಣ್ಣವನ್ನೂ ಬಳಿಯುವುದಿಲ್ಲ. ಅದನ್ನು ಇದ್ದಂತೆ ತೋರಿಸುತ್ತಾರೆ. ಸರ್ವಜಯೆಯ ಪಾತ್ರ ವಹಿಸಿದ ಕರುಣಾ ಬಂದ್ಯೋಪಾಧ್ಯಾಯರ ಮುಖದಲ್ಲಿ ಮಗ ಹಿಂದಿರುಗಿದಾಗ ಮೂಡುವ ಬೆಳಕನ್ನು ನೋಡಬೇಕು. ಮರುದಿನ ಅವನು ಹೋಗುವವನೇ ಎಂಬುದು ಇಬ್ಬರಿಗೂ ಗೊತ್ತು.

ಚಿತ್ರದ ಬಗೆಗೆ ನನ್ನದೊಂದು ಆಕ್ಷೇಪಣೆಯೂ ಇದೆ. ತಾಯಿಯನ್ನು ಸಾಯಿಸಿದ್ದರಿಂದ ಅಗಲಿಕೆಯ ಪ್ರಶ್ನೆ ಸಾವಿನ ಪ್ರಶ್ನೆಯಾಗಿ ಮಾರ್ಪಡುತ್ತದೆ. ಪರೀಕ್ಷೆ ಹತ್ತಿರವಿದೆಯೆಂದು ಅವಳು ಕಾಯಿಲೆಯ ಸುದ್ದಿಯನ್ನೇ ಮಗನಿಗೆ ತಿಳಿಸಗೊಡುವುದಿಲ್ಲ. ನೋಡುವವರಲ್ಲಿ ಎಷ್ಟೋ ಜನ ಮಗನನ್ನು ಅಪರಾಧಿಯೆಂದುಕೊಂಡು ಏಳುತ್ತಾರೆ. ಕಾದಂಬರಿಯ ದಾರಿಯೇ ಹಾಗಿತ್ತು, ರಾಯ್ ಅದನ್ನು ಅನುಸರಿಸಿದರು ಎನ್ನಬಹುದು. ಆದರೆ ಕಾದಂಬರಿಯಲ್ಲಿ ಇನ್ನೊಂದು ಎಳೆಯೂ ಇದೆ. ತಾಯಿ ಸತ್ತ ಸುದ್ದಿ ಕೇಳಿದಾಗ ಅಪುವಿಗೆ ಮೊದಲು ಬರುವುದು ದುಃಖವಲ್ಲ, ಕಟ್ಟು ಬಿಚ್ಚಿದಂಥ ಹಗುರ. ಆಮೇಲೆ ಅವನು ತನ್ನ ಬಗೆಗೇ ಬೆದರುತ್ತಾನೆ. ತಮ್ಮನ್ನು ಬಹುವಾಗಿ ಸೆಳೆದದ್ದು ಈ ಭಾಗವೇ ಎಂದು ರಾಯ್ ಹೇಳಿಕೊಂಡಿದ್ದಾರೆ. ಚಿತ್ರದಲ್ಲಿ ಅದು ಬಾಯಿಬಿಟ್ಟು ಬರುವುದಿಲ್ಲ. ಮಗ ಅಳುತ್ತಾನೆ, ಹಳ್ಳಿಯಲ್ಲಿ ಉಳಿ ಎಂದ ಹಿರಿಯರ ಮಾತನ್ನು ಒಪ್ಪದೆ, ಕ್ರಿಯೆಯನ್ನು ಕಲಕತ್ತೆಯಲ್ಲಿ ಮಾಡುತ್ತೇನೆಂದು ಗಂಟು ಹೊತ್ತು ನಡೆದುಬಿಡುತ್ತಾನೆ. ಆ ನಡಿಗೆಯಲ್ಲಿ ಕಾದಂಬರಿಯ ಹಗುರವನ್ನು ನಾವೇ ಕಂಡುಕೊಳ್ಳಬೇಕು.

ಆ ಹಗುರವೂ ಕಣ್ವನ ಹಗುರವೂ ಒಡಹುಟ್ಟಿದವು ಎಂದು ನನಗೆ ತೋರುತ್ತದೆ. ಕಣ್ವ ಗಂಟನ್ನು ಒಪ್ಪಿಸಿ ಹಗುರಾದ. ಅಪು ಗಂಟಾಗಿರುವುದು ತಪ್ಪಿ ಹಗುರಾದ. ನಡುವೆ ನಿಂತ ಸರ್ವಜಯೆಗೆ ಮಾತ್ರ ಹಗುರವಿಲ್ಲ. ಏಕೆಂದರೆ ಅವಳು ಇಡುಗಂಟನ್ನು ಒಪ್ಪಿಸಬೇಕಾಗಿದ್ದದ್ದು ಅಳಿಯನಿಗಲ್ಲ, ಊರಿಗಲ್ಲ, ಕಾಲೇಜಿಗೂ ಅಲ್ಲ, ಆ ಗಂಟಿಗೇ. ಮಗನನ್ನು ಮಗನಿಗೇ ಒಪ್ಪಿಸಬೇಕು. ಪಡೆದೆನೆಂದು ರಸೀತಿ ಕೊಡುವವರು ಅಲ್ಲಿ ಯಾರೂ ಇರುವುದಿಲ್ಲ. ಕಾಳಿದಾಸನಿಗೆ ಈ ಕಷ್ಟ ಬರಲಿಲ್ಲ. ಐತಾಳರಿಗೆ ಅದು ತಿಳಿಯಲಿಲ್ಲ. ಸರ್ವಜಯೆಗೆ ತಿಳಿಯಿತು, ಆದರೆ ಅದನ್ನು ಹೇಳುವ ಮಾತು ಅವಳ ಬಳಿ ಇರಲಿಲ್ಲ. ಅವಳಿಗಿದ್ದದ್ದು ಒಂದು ಏಟು, ಕೂಡಿಟ್ಟ ಒಂದಿಷ್ಟು ಹಣ, ಎಬ್ಬಿಸದೆ ಬಿಟ್ಟ ಒಂದು ಬೆಳಗು.

ನಮ್ಮ ಸ್ಥಿತಿ ಅಷ್ಟು ಕಠಿಣವಲ್ಲ, ಬಲ್ಲೆ. ಅಪುವಿನ ಕಾಗದಕ್ಕಾಗಿ ಅವಳು ವಾರಗಟ್ಟಲೆ ಕಾದಳು. ನಮ್ಮ ಮಗಳ ಮುಖ ಫೋನಿನಲ್ಲಿ ಯಾವಾಗ ಬೇಕಾದರೂ ಕಾಣುತ್ತದೆ. ಹಾಗಾದರೂ ಹೋದ ಎರಡನೆಯ ವಾರವೇ ಅವಳು ಹೇಳಿದಳು: “ಅಪ್ಪಾ, ನೀನು ದಿನಾ ಫೋನ್ ಮಾಡ್ಬೇಡ. ನಾನೇ ಮಾಡ್ತೀನಿ.” ಆಗ ನನಗೆ ಕೆನ್ನೆಗೆ ಹೊಡೆದಂತಾಯಿತು. ಈಗ ಯೋಚಿಸಿದರೆ, ಇಲ್ಲವೆಂದುಕೊಂಡಿದ್ದ ಆ ರಸೀತಿ ಅದೇ ಇರಬೇಕು ಎನಿಸುತ್ತದೆ.

ದೀಪಾವಳಿಗೆ ಅವಳು ಬಂದಿದ್ದಳು. ಹಿಂದಿರುಗುವ ದಿನ ನಾಲ್ಕೂವರೆಗೆ ಎಬ್ಬಿಸಬೇಕಾಗಿತ್ತು. ನಾನು ನಾಲ್ಕಕ್ಕೇ ಎದ್ದು ಅವಳ ಬಾಗಿಲ ಬಳಿ ನಿಂತಿದ್ದೆ. ಸರ್ವಜಯೆಯ ನೆನಪಾಯಿತು. ಸಮಯಕ್ಕೆ ಸರಿಯಾಗಿ ಕರೆದೆ. “ಇನ್ನೈದು ನಿಮಿಷ ಅಪ್ಪಾ” ಎಂದು ಮಗ್ಗುಲು ತಿರುಗಿದಳು. ಐದು ನಿಮಿಷ ಅಲ್ಲೇ ನಿಂತಿದ್ದು ಮತ್ತೆ ಎಬ್ಬಿಸಿದೆ.