ಜಯದೇವಿತಾಯಿ ಲಿಗಾಡೆ: ತಾಯ್ತನ ಮತ್ತು ಕವಿತ್ವ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡ ಸಭೆಗಳಲ್ಲಿ ಜಯದೇವಿತಾಯಿ ಲಿಗಾಡೆಯವರ ಹೆಸರು ಬಾರದೆ ಭಾಷಣ ಮುಗಿಯುವುದು ಅಪರೂಪ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೆಂದೂ, ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರೆಂದೂ ಹೇಳಿ ನಾವು ಕೈಮುಗಿಯುತ್ತೇವೆ. ಆದರೆ ಅವರ 'ಸಿದ್ಧರಾಮ ಪುರಾಣ'ವನ್ನು ಮುಂದಿಟ್ಟುಕೊಂಡು, ಪದ್ಯ ಇಲ್ಲಿ ಗೆದ್ದಿದೆ, ಇಲ್ಲಿ ಸೋತಿದೆ ಎಂದು ವಾದಿಸಿದ ಸಭೆಯೊಂದು ನಮ್ಮ ನೆನಪಿನಲ್ಲಿಲ್ಲ. ಹೆಣ್ಣಿನ ಬರವಣಿಗೆಗಿರುವ ಅಡ್ಡಿಗಳನ್ನು ಕುರಿತು ವಿಚಾರಿಸುವಾಗ ನಮ್ಮ ಈ ಪೂಜೆಯನ್ನೂ ಆ ಅಡ್ಡಿಗಳಲ್ಲಿ ಸೇರಿಸಬೇಕಾದೀತೆಂಬ ಶಂಕೆಯಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊರಗಿನ ಅಡ್ಡಿಗಳು ವಾಚಕರಿಗೆ ತಿಳಿದವೇ. ತಾಯಿಯವರು 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಶಾಲೆಯ ಓದು ಮರಾಠಿಯಲ್ಲಾಯಿತು. ಎಳೆಯ ವಯಸ್ಸಿನಲ್ಲಿಯೇ ಮದುವೆಯೂ ಆಯಿತು. ಕನ್ನಡ ಅವರಿಗೆ ಮನೆಯ ಮಾತಾಗಿತ್ತೇ ಹೊರತು ಶಾಲೆಯ ಭಾಷೆಯಾಗಿರಲಿಲ್ಲ. ಅದರಲ್ಲಿ ಬರೆಯುವ ಶಕ್ತಿಯನ್ನು ಅವರು ಸ್ವಂತ ದುಡಿಮೆಯಿಂದ ಗಳಿಸಿಕೊಂಡರು. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ, ಬರೆಯಬೇಕೆನ್ನುವ ಹೆಣ್ಣಿಗೆ ಸ್ವಂತ ಹಣ ಮತ್ತು ಸ್ವಂತದ್ದೊಂದು ಕೋಣೆ ಬೇಕೆಂದಳು. ಗಡಿನಾಡಿನ ಹೆಣ್ಣಿನ ಮಟ್ಟಿಗೆ ಸ್ವಂತ ಭಾಷೆಯ ಶಾಲೆಯೂ ಬೇಕೆಂದು ಸೇರಿಸಬಹುದು. ಇದನ್ನು ಶಿಕ್ಷಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ವಿಚಾರಕ್ಕೆ ಅರ್ಹವಾದದ್ದು ಅವರು ಆರಿಸಿಕೊಂಡ ಛಂದಸ್ಸು. ಸಿದ್ಧರಾಮನ ಕಥೆಯನ್ನು ಹದಿಮೂರನೆಯ ಶತಮಾನದಲ್ಲಿ ರಾಘವಾಂಕನು ಷಟ್ಪದಿಯಲ್ಲಿ ಹಾಡಿದ್ದನು. ಅದೇ ಕಥೆಯನ್ನೆತ್ತಿಕೊಂಡ ತಾಯಿಯವರು ಷಟ್ಪದಿಯನ್ನು ಬಿಟ್ಟು ತ್ರಿಪದಿಯನ್ನು ಹಿಡಿದರು. ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದು; ಸರ್ವಜ್ಞನದೂ ಅದೇ. ಆದರೆ ನಮ್ಮ ಸೀಮೆಯಲ್ಲಿ ಅದು ಬದುಕಿ ಉಳಿದದ್ದು ಬೀಸುವ ಕಲ್ಲಿನ ಮುಂದೆ. ಸೊಲ್ಲಾಪುರಕ್ಕೆ ದೂರವಲ್ಲದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದಾಗ ಪಂಡಿತರು ಬೆರಗಾದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರ ಹೆಸರುಗಳು ನಮಗೆ ಬಾಯಿಪಾಠ. ಹಾಡಿದ ಗರತಿಯರಲ್ಲಿ ಒಬ್ಬಳ ಹೆಸರನ್ನಾದರೂ ಹೇಳಿರೆಂದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಈ ಹಿನ್ನೆಲೆಯಲ್ಲಿ ನೋಡಿದರೆ ಸಾವಿರಾರು ತ್ರಿಪದಿಗಳ ಪುರಾಣವೊಂದು ಹೆಣ್ಣಿನ ಹೆಸರಿನಲ್ಲಿಯೇ ಅಚ್ಚಾದದ್ದು ಸಣ್ಣ ಸಂಗತಿಯಲ್ಲ. ಕಾವ್ಯದ ಶಿಕ್ಷಣ ದೊರೆಯದ ಹೆಣ್ಣು, ಯಾರ ಅಪ್ಪಣೆಯನ್ನೂ ಕೇಳದೆ ತನ್ನದೆನ್ನಬಹುದಾಗಿದ್ದ ಛಂದಸ್ಸು ಅದೊಂದೇ. ಅದರಿಂದ ಲಾಭವೂ ಇದೆ, ನಷ್ಟವೂ ಇದೆ. ತ್ರಿಪದಿ ಮೂರು ಸಾಲಿಗೆ ತನ್ನಷ್ಟಕ್ಕೆ ಮುಗಿಯುತ್ತದೆ; ಮುಂದಿನ ಪದ್ಯಕ್ಕೆ ಕಥೆ ಮತ್ತೆ ಹೊಸದಾಗಿ ಹೆಜ್ಜೆಯಿಡಬೇಕು. ಕೆರೆ ಕಟ್ಟಿಸುವಂಥ, ಅನೇಕರು ಒಟ್ಟಿಗೆ ದುಡಿಯುವ ಪ್ರಸಂಗದ ಓಟಕ್ಕೆ ಷಟ್ಪದಿಯ ಹರವು ಹೆಚ್ಚು ಒದಗುತ್ತದೆಂಬುದು ನಮ್ಮ ಅಭಿಪ್ರಾಯ. ಆದರೆ ಹೊಲದಲ್ಲಿ ಬಂದ ಮಲ್ಲಯ್ಯನಿಗೆ ಮಜ್ಜಿಗೆ ಅನ್ನ ಒಯ್ದ ಹುಡುಗ ಅವನನ್ನು ಕಾಣದೆ ಶ್ರೀಶೈಲದ ಹಾದಿ ಹಿಡಿದಾಗ, ಹಿಂದೆ ಮನೆಯಲ್ಲಿ ಉಳಿದವಳು ತಾಯಿ ಸುಗ್ಗವ್ವೆ. ಆ ಕಾಯುವಿಕೆಗೆ ಬೀಸುಕಲ್ಲಿನ ಧಾಟಿಗಿಂತ ತಕ್ಕ ಧಾಟಿ ಇನ್ನೊಂದಿಲ್ಲ. ಮಗನ ಬೆನ್ನು ಹತ್ತಿ ಹೋಗುವುದು ಪುರಾಣದ ವಾಡಿಕೆ. ಹೊಸ್ತಿಲಲ್ಲಿ ನಿಂತವಳ ಕಡೆಯಿಂದ ಕಥೆಯನ್ನು ಕೇಳಿಸುವ ಕಸುವು ಈ ಛಂದಸ್ಸಿನಲ್ಲಿಯೇ ಇದೆ. ರಾಘವಾಂಕನನ್ನೂ ತಾಯಿಯವರನ್ನೂ ಪಕ್ಕಪಕ್ಕಕ್ಕಿಟ್ಟು ಈ ಒಂದು ಪ್ರಸಂಗವನ್ನು ತರಗತಿಯಲ್ಲಿ ಓದಿಸಿದರೆ ಹತ್ತು ಭಾಷಣಗಳ ಕೆಲಸವಾದೀತು.

ಇನ್ನು ಒಳಗಿನ ಅಡ್ಡಿ. ವುಲ್ಫಳು 1931ರ ಒಂದು ಭಾಷಣದಲ್ಲಿ, ತಾನು ಬರೆಯಲು ಕುಳಿತಾಗಲೆಲ್ಲ 'ಮನೆಯ ದೇವತೆ'ಯೊಬ್ಬಳು ಹಿಂದೆ ನಿಂತು, ಮೃದುವಾಗಿರು, ಯಾರನ್ನೂ ನೋಯಿಸಬೇಡ ಎಂದು ಪಿಸುಗುಟ್ಟುತ್ತಿದ್ದಳೆಂದೂ, ಅವಳನ್ನು ಕೊಲ್ಲದೆ ತಾನು ಬರೆಯಲಾಗಲಿಲ್ಲವೆಂದೂ ಹೇಳಿದಳು. ಜಯದೇವಿತಾಯಿಯವರು ಕೊಲ್ಲುವ ದಾರಿ ಹಿಡಿಯಲಿಲ್ಲ. 'ತಾಯಿಯ ಪದಗಳು' ಎಂದು ಪುಸ್ತಕಕ್ಕೆ ಹೆಸರಿಟ್ಟು, ಆ ದೇವತೆಯ ಹೆಸರಿನಲ್ಲಿಯೇ ಹೊಸ್ತಿಲು ದಾಟಿದರು. ತಾಯಿಯಾಗಿ, ಶರಣೆಯಾಗಿ ಮಾತಾಡಿದರೆ ಸಮಾಜ ಕಿವಿಗೊಡುತ್ತದೆ; ಬರೀ ಕವಿಯೆಂದು ನಿಂತರೆ ಹುಬ್ಬೇರಿಸುತ್ತದೆ. ಅವರ ಸಮವಯಸ್ಕರಾದ ಕೊಡಗಿನ ಗೌರಮ್ಮನವರನ್ನು ನೋಡಿರಿ. ಅವರೂ ಹುಟ್ಟಿದ್ದು 1912ರಲ್ಲಿಯೇ. ಭಕ್ತಿಯ ಆಸರೆಯಿಲ್ಲದೆ ವಿಧವೆಯರ ಸಂಕಟವನ್ನು ಕಥೆಯಾಗಿಸಿದ ಆಕೆ ಪತ್ರಿಕೆಗಳಲ್ಲಿ 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂದು ಗಂಡನ ಹೆಸರಿನಿಂದ ಬರೆದರು, 1939ರಲ್ಲಿ ತೀರಿಕೊಂಡರು. ಒಬ್ಬರಿಗೆ ತಾಯ್ತನದ ಸೆರಗು, ಇನ್ನೊಬ್ಬರಿಗೆ ಪತಿಯ ಹೆಸರು. ಹೆದರಿಕೆ ಅವರದಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ; ಆದರೂ ಮರೆ ಬೇಕಾಯಿತಷ್ಟೆ.

ಆ ಸೆರಗನ್ನು ನಾವು, ಎಂದರೆ ವಿಮರ್ಶಕರೂ ಶಿಕ್ಷಕರೂ, ಮುಸುಕನ್ನಾಗಿ ಮಾಡಿದೆವು. ತಾಯಿಯ ಪದ್ಯದಲ್ಲಿ ದೋಷ ಹುಡುಕುವವರಾರು? ದೋಷ ಹುಡುಕದವನು ಗುಣವನ್ನೂ ಹುಡುಕಲಾರ. 1950ರ ಸಮ್ಮೇಳನ ನಮ್ಮ ಸೊಲ್ಲಾಪುರದಲ್ಲಿಯೇ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಅವರ ಗದ್ಯವನ್ನು ನಾವು ಪಠ್ಯವಾಗಿ ಓದಿ ಚರ್ಚಿಸುತ್ತೇವೆ, ತಾಯಿಯವರ ಪಟಕ್ಕೆ ಹಾರ ಹಾಕುತ್ತೇವೆ. ನಾಡಿನ ಲೆಕ್ಕವೂ ಇದಕ್ಕಿಂತ ಮೇಲಲ್ಲ. ತಾಯಿಯವರ ಬಳಿಕ ಎರಡನೆಯ ಮಹಿಳೆ ಶಾಂತಾದೇವಿ ಮಾಳವಾಡರು ಅಧ್ಯಕ್ಷ ಪೀಠವೇರಲು 2000ದ ಬಾಗಲಕೋಟೆಯವರೆಗೆ ಕಾಯಬೇಕಾಯಿತು. ಆಮೇಲೆ 2003ರಲ್ಲಿ ಕಮಲಾ ಹಂಪನಾ, 2010ರಲ್ಲಿ ಗೀತಾ ನಾಗಭೂಷಣ. 2024ರಲ್ಲಿ ಸಮ್ಮೇಳನ ಮತ್ತೆ ಮಂಡ್ಯಕ್ಕೇ ಬಂದಾಗ 87 ಸಮ್ಮೇಳನಗಳಲ್ಲಿ ಮಹಿಳಾ ಅಧ್ಯಕ್ಷರು ನಾಲ್ವರೇ. ನಮ್ಮಂಥವರ ಕಾರ್ಯಕ್ರಮಪತ್ರಿಕೆಯನ್ನೂ ನೋಡಿರಿ: ಸ್ವಾಗತಗೀತೆಗೆ ಶಿಕ್ಷಕಿಯರು, ಪ್ರಬಂಧ ವಾಚನಕ್ಕೆ ಶಿಕ್ಷಕರು.

ಪರರನ್ನು ದೂರುವ ಅಧಿಕಾರ ನಮಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ಹತ್ತನೆಯ ವರ್ಗದ ಹುಡುಗಿಯೊಬ್ಬಳು ಅಜ್ಜಿಯ ಮೇಲೆ ಏಳು ತ್ರಿಪದಿಗಳನ್ನು ಬರೆದುಕೊಟ್ಟಳು. ಮಾತ್ರೆ ಎರಡು ಕಡೆ ತಪ್ಪಿತ್ತು, ಪದ್ಯ ಚೆನ್ನಾಗಿತ್ತು. ಹೆಸರೇಕೆ ಬರೆದಿಲ್ಲವೆಂದು ಕೇಳಿದ್ದಕ್ಕೆ, "ಹೆಸರ ಬ್ಯಾಡ್ರಿ ಸರ್, ಮನ್ಯಾಗ ಬೈತಾರ್ರಿ" ಎಂದಳು. ನಾವು ಅವಳ ವಿನಯವನ್ನು ಮೆಚ್ಚಿ ತರಗತಿಯಲ್ಲಿ ಹೊಗಳಿದೆವು. ಮನೆಯವರನ್ನು ಕರೆಸಿ ಮಾತಾಡಬೇಕೆಂದು ನಮಗೆ ಹೊಳೆಯಲಿಲ್ಲ. ಆ ಎರಡು ಮಾತ್ರೆಗಳನ್ನು ತಿದ್ದಿಸಬೇಕೆಂದೂ ಹೊಳೆಯಲಿಲ್ಲ. ಅವಳೀಗ ಅಕ್ಕಲಕೋಟೆಯ ಕಡೆ ಗಂಡನ ಮನೆಯಲ್ಲಿದ್ದಾಳೆ. ಆ ಸಂಚಿಕೆ ನಮ್ಮ ಕಪಾಟಿನಲ್ಲಿದೆ. ಪದ್ಯದ ಕೆಳಗೆ 'ಒಬ್ಬ ವಿದ್ಯಾರ್ಥಿನಿ' ಎಂದಿದೆ, ಅಕ್ಷರ ನಮ್ಮದು.