ಕಾಲಯಾನವೂ ಊರಿನ ದಾರಿಯೂ: ‘ಇಂದ್ರಧನುಷ್’ ಧಾರಾವಾಹಿಯ ಪುನರ್ವಿಮರ್ಶೆ

ಮಕ್ಕಳಿಗಾಗಿ ನಿರ್ಮಿತವಾದ ಕೃತಿಯು ಗಂಭೀರ ವಿಮರ್ಶೆಗೆ ಅರ್ಹವಲ್ಲವೆಂಬ ಭಾವನೆಯು ನಮ್ಮ ವಿದ್ವದ್ವಲಯದಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಪಂಚತಂತ್ರವು ರಾಜಪುತ್ರರ ಶಿಕ್ಷಣಕ್ಕಾಗಿ ಹುಟ್ಟಿದ ಕಥಾಸಮುಚ್ಚಯವೆಂಬುದನ್ನೂ, ದುರ್ಗಸಿಂಹನು ಅದನ್ನು ಕನ್ನಡದಲ್ಲಿ ಚಂಪೂರೂಪಕ್ಕೆ ತಂದನೆಂಬುದನ್ನೂ ನೆನೆದರೆ ಈ ಭಾವನೆಯು ನಿಲ್ಲಲಾರದು. ಈ ಧೈರ್ಯದಿಂದ, 1989ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಇಂದ್ರಧನುಷ್’ ಎಂಬ ಹಿಂದೀ ಧಾರಾವಾಹಿಯನ್ನು ಮತ್ತೊಮ್ಮೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆನಂದ್ ಮಹೇಂದ್ರೂ ಅವರು ಇದನ್ನು ನಿರ್ದೇಶಿಸಿದರು. ಗಣಕಯಂತ್ರದಲ್ಲಿ ಆಸಕ್ತರಾದ ಕೆಲವು ಮಕ್ಕಳು ತಾವೇ ಒಂದು ಯಂತ್ರವನ್ನು ಜೋಡಿಸುತ್ತಾರೆ. ಆಂಡ್ರೊಮಿಡಾ ಗ್ಯಾಲಕ್ಸಿಯಿಂದ ಬಂದ ರಾಜಕುಮಾರನೊಬ್ಬನು ಅದರೊಳಗೆ ಸೇರಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಯಂತ್ರಕ್ಕೆ ಅಸಾಧಾರಣ ಶಕ್ತಿ ಬರುತ್ತದೆ. ಕಾಲದಲ್ಲಿ ಹಿಂದೆ ಸರಿದು ಸ್ವಾತಂತ್ರ್ಯ ಹೋರಾಟದ ದಿನಗಳನ್ನು ಕಾಣುವುದೂ ಸಾಧ್ಯವಾಗುತ್ತದೆ. ಮುಂದೆ ಚಿತ್ರರಂಗದಲ್ಲಿ ಹೆಸರಾದ ಕರಣ್ ಜೋಹರ್, ಊರ್ಮಿಳಾ ಮಾತೋಂಡ್ಕರ್, ಆಶುತೋಷ್ ಗೋವಾರಿಕರ್ ಮೊದಲಾದವರೊಡನೆ ನಮ್ಮ ಗಿರೀಶ ಕಾರ್ನಾಡರೂ ಇದರಲ್ಲಿ ಅಭಿನಯಿಸಿದ್ದರು.

ಈ ಕೃತಿಯ ಮೊದಲ ಗುಣವನ್ನು ಅರಿಯಬೇಕಾದರೆ ಅಂದಿನ ವಾತಾವರಣವನ್ನು ನೆನಪಿಗೆ ತಂದುಕೊಳ್ಳಬೇಕು. ಬ್ಯಾಂಕುಗಳ ಯಾಂತ್ರೀಕರಣವನ್ನು ಕುರಿತ ರಂಗರಾಜನ್ ಸಮಿತಿಯು ವರದಿ ನೀಡಿದ್ದು 1984ರಲ್ಲಿ. ಲೆಡ್ಜರ್ ಬರೆಯುವ ಯಂತ್ರವು ಶಾಖೆಯನ್ನು ಪ್ರವೇಶಿಸಿದರೆ ಗುಮಾಸ್ತರ ಗತಿಯೇನೆಂಬ ಆತಂಕವು ಆಗ ವ್ಯಾಪಕವಾಗಿತ್ತು. ಹಿರಿಯರು ಹೀಗೆ ಶಂಕಿಸುತ್ತಿದ್ದ ವಸ್ತುವನ್ನು ಈ ಧಾರಾವಾಹಿಯು ಮಕ್ಕಳ ಕೈಗೆ ಆಟದ ಸಾಮಾನಾಗಿ ಕೊಟ್ಟಿತು. ಯಂತ್ರವು ಸರ್ಕಾರದ ಪ್ರಯೋಗಾಲಯದಿಂದ ಬಂದುದಲ್ಲ. ಗೆಳೆಯರು ಕೂಡಿ ಮಾಡಿದ್ದು. ಅದೇ ವರ್ಷದ ಮತ್ತೊಂದು ಧಾರಾವಾಹಿ ‘ಸ್ಪೇಸ್ ಸಿಟಿ ಸಿಗ್ಮಾ’ದಲ್ಲಿ ಬಾಹ್ಯಾಕಾಶದ ವೈಭವವೇ ಮುಂದಾಗಿದ್ದರೆ, ಇಲ್ಲಿ ವಿಜ್ಞಾನವು ಮನೆಯೊಳಗಿನ ಮಾತಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ದೋಷವೂ ಇದೇ ಎಡೆಯಲ್ಲಿದೆ. ಎಚ್. ಜಿ. ವೆಲ್ಸನ 1895ರ ‘ದಿ ಟೈಮ್ ಮೆಷಿನ್’ ಕಾದಂಬರಿಯ ನಾಯಕನು ಯಂತ್ರವನ್ನು ತಾನೇ ಯೋಚಿಸಿ, ತಾನೇ ನಿರ್ಮಿಸಿ, ತಾನೇ ಏರುತ್ತಾನೆ. ‘ಇಂದ್ರಧನುಷ್’ನಲ್ಲಾದರೋ ಮಕ್ಕಳ ಪರಿಶ್ರಮವು ಒಂದು ಹಂತಕ್ಕೆ ನಿಂತು, ಮಿಕ್ಕದ್ದು ಅನ್ಯಲೋಕದ ಅತಿಥಿಯ ಅನುಗ್ರಹದಿಂದ ನಡೆಯುತ್ತದೆ. ತಪಸ್ಸು, ಬಳಿಕ ವರ ಎಂಬ ಪುರಾಣದ ಕ್ರಮವೇ ಇಲ್ಲಿ ವೇಷ ಬದಲಿಸಿ ಬಂದಿದೆ. ಇದು ಭಾರತೀಯ ಕಥನದ ಸಹಜ ಮಾರ್ಗವೆಂದು ಕೆಲವರು ಸಮರ್ಥಿಸಬಹುದು. ಅದನ್ನು ಅಲ್ಲಗಳೆಯಲಾಗದು, ಆದರೆ ವರದಿಂದ ಬಂದ ಶಕ್ತಿಯು ಮಗುವಿನಲ್ಲಿ ಬೆರಗನ್ನು ಹುಟ್ಟಿಸುವಷ್ಟು ಸುಲಭವಾಗಿ ಪ್ರಶ್ನೆಯನ್ನು ಹುಟ್ಟಿಸದು.

ಪುರಾಣದ ಮಾತು ಬಂದುದರಿಂದ ಭಾಗವತದ ಒಂಬತ್ತನೆಯ ಸ್ಕಂಧದ ಕಕುದ್ಮಿಯ ಕಥೆಯನ್ನು ಇಲ್ಲಿ ಸ್ಮರಿಸಬೇಕು. ಮಗಳು ರೇವತಿಗೆ ವರನನ್ನು ಕೇಳಲೆಂದು ಬ್ರಹ್ಮಲೋಕಕ್ಕೆ ಹೋದ ಆ ಅರಸನು ಅಲ್ಲಿ ಗಾನ ಮುಗಿಯುವವರೆಗೆ ಕ್ಷಣಕಾಲ ಕಾದನು. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮಕ್ಕಳು ಮೊಮ್ಮಕ್ಕಳ ಹೆಸರು ಕೂಡ ಉಳಿದಿರಲಿಲ್ಲ. ಆಧುನಿಕ ಭೌತವಿಜ್ಞಾನವು ಒಪ್ಪುವ ಕಾಲಯಾನವೂ ಇದೇ ದಿಕ್ಕಿನದು. ವೇಗವಾಗಿ ಚಲಿಸುವ ಗಡಿಯಾರವು ನಿಧಾನವಾಗುತ್ತದೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದರು; 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು, ಅತ್ಯಲ್ಪವಾದರೂ ಅಳೆಯಬಹುದಾದ ವ್ಯತ್ಯಾಸವನ್ನು ಕಂಡುಕೊಳ್ಳಲಾಯಿತು. ಅಂದರೆ ಮುಂದಕ್ಕೆ ಹೋಗಲು ದಾರಿಯಿದೆ. ಹಿಂದಕ್ಕೆ ಮರಳಿದವರ ಸಾಕ್ಷ್ಯವು ಎಲ್ಲಿಯೂ ಇಲ್ಲ. ಪುರಾಣವು ಹೇಳಿದ್ದು ನಷ್ಟದ ಕಥೆ. ಧಾರಾವಾಹಿಯು ಹೇಳಿದ್ದು ಹಂಬಲದ ಕಥೆ.

ಊರು ಬಿಟ್ಟು ದೆಹಲಿಗೆ ಬಂದ ನಮಗೆ ಈ ಭೇದವು ಕೇವಲ ಶಾಸ್ತ್ರದ ವಿಷಯವಲ್ಲ. ನಾವು ಯಾವ ವರ್ಷ ಹೊರಟೆವೋ ಆ ವರ್ಷದ ಕನ್ನಡವನ್ನೂ, ಆ ವರ್ಷದ ಬೀದಿಯನ್ನೂ ಗಂಟುಕಟ್ಟಿ ತಂದವರು. ರಜೆಯಲ್ಲಿ ರೈಲು ಹತ್ತುವಾಗ ಹಿಂದಕ್ಕೆ ಹೋಗುತ್ತಿದ್ದೇವೆಂದು ಭಾವಿಸುತ್ತೇವೆ. ಇಳಿದಾಗ ಕಾಣುವುದು ಕಕುದ್ಮಿಯು ಕಂಡ ಲೋಕ. ಕೇಳಬೇಕೆಂದಿದ್ದವರಲ್ಲಿ ಕೆಲವರು ಇಲ್ಲ. ಇದ್ದವರ ಮಾತಿನ ಧಾಟಿ ಬೇರೆಯಾಗಿದೆ. ಇನ್ನು ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಹಿಂದಿರುಗಲು ಆ ಗಂಟೂ ಇಲ್ಲ.

‘ಇಂದ್ರಧನುಷ್’ ಅಂತಹ ಮಕ್ಕಳಿಗೆ ಒಂದು ಗತಕಾಲವನ್ನು ಕೊಟ್ಟಿತು. ಅದು ರಾಷ್ಟ್ರದ ಗತಕಾಲ, ಹಿಂದಿಯಲ್ಲಿ ಮಾತನಾಡುವ ಗತಕಾಲ. ಶಿಕಾರಿಪುರದ ಬಳಿಯ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತೆಂಬುದೂ, ಆ ಕಾರಣದಿಂದ ನಡೆದ ಘಟನೆಗಳಿಗಾಗಿ 1943ರಲ್ಲಿ ಐವರು ಗಲ್ಲಿಗೇರಿದರೆಂಬುದೂ ದೆಹಲಿಯ ಕನ್ನಡ ಬಾಲಕನಿಗೆ ಯಾವ ಯಂತ್ರದಿಂದ ತಿಳಿಯಬೇಕು? ದೇಶಕ್ಕೆಲ್ಲ ಒಂದಾಗಿ ಮಾಡಿದ ಧಾರಾವಾಹಿಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆ ಯಂತ್ರವನ್ನು ಜೋಡಿಸಬೇಕಾದವರು ನಾವು, ನಾವು ಜೋಡಿಸಲಿಲ್ಲ.

ಜೋಡಿಸುವ ಬಗೆಯನ್ನು ತೋರಿದವರು ಕಾರ್ನಾಡರೇ. 1964ರ ‘ತುಘಲಕ್’ ನಾಟಕದಲ್ಲಿ ಅವರು ಹದಿನಾಲ್ಕನೆಯ ಶತಮಾನದ ದೆಹಲಿಗೆ ಕನ್ನಡದಲ್ಲಿ ಪ್ರಯಾಣ ಮಾಡಿದರು. ಆ ನಾಟಕವು ಹಿಂದೂಸ್ತಾನಿಗೆ ಬಂದು, ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ಇಲ್ಲಿಯ ಪುರಾನಾ ಕಿಲಾದ ಗೋಡೆಗಳ ನಡುವೆ ಪ್ರದರ್ಶಿತವಾದಾಗ, ದೆಹಲಿಯು ತನ್ನ ಗತವನ್ನು ಕನ್ನಡಿಗನೊಬ್ಬನ ಕಣ್ಣಿನಿಂದ ನೋಡಿತು. ಅಲ್ಲಿ ಅನ್ಯಲೋಕದ ಅತಿಥಿಯಿಲ್ಲ, ವರವಿಲ್ಲ. ಓದು, ಶ್ರಮ, ಭಾಷೆ ಇವಿಷ್ಟೇ ಸಾಮಗ್ರಿ. ಗತಕ್ಕೆ ಹೋದವನು ಬರಿಗೈಯಲ್ಲಿ ಮರಳದೆ ವರ್ತಮಾನಕ್ಕೊಂದು ಪ್ರಶ್ನೆಯನ್ನು ಹೊತ್ತು ತಂದನು.

‘ಇಂದ್ರಧನುಷ್’ ಉತ್ತಮ ಕೃತಿಯೇ ಎಂದು ಕೇಳಿದರೆ, ಅದು ಉತ್ತಮ ಆರಂಭವೆಂದು ಹೇಳಬೇಕಾಗುತ್ತದೆ. ಮಕ್ಕಳ ಕೈಗೆ ಉಪಕರಣವನ್ನು ಕೊಡುವ ಧೈರ್ಯ ಅದಕ್ಕಿತ್ತು. ಇಂದು ಅದೇ ಮಕ್ಕಳು ತಂದೆತಾಯಿಯರಾಗಿದ್ದಾರೆ. ಯಂತ್ರವು ಪ್ರತಿ ಮಗುವಿನ ಅಂಗೈಯಲ್ಲಿದೆ. ಅದರೊಳಗೆ ಯಾವ ರಾಜಕುಮಾರನು ಬಂದು ಸೇರಿಕೊಳ್ಳುವನೋ ಎಂದು ಕಾಯುತ್ತ ಕೂರುವುದು ಕಕುದ್ಮಿಯ ಕಾಯುವಿಕೆಯಾದೀತು. ಗಾನ ಮುಗಿಯುವಷ್ಟರಲ್ಲಿ ಕೇಳಬೇಕಾದ ಹೆಸರುಗಳೇ ಅಳಿದುಹೋಗಬಹುದು. ಅಷ್ಟರೊಳಗೆ ನಮ್ಮ ಅಜ್ಜ ಅಜ್ಜಿಯರ ಊರುಗಳ ಕಥೆಯನ್ನು ನಮ್ಮ ಮಕ್ಕಳು ಓದಬಲ್ಲ ಕನ್ನಡದಲ್ಲಿ ಬರೆದಿಡುವುದು, ನಗರದ ಕನ್ನಡ ಸಂಘಗಳು ಮಾಡಬಹುದಾದ ಸಂಶೋಧನೆಗಳಲ್ಲಿ ಮೊದಲನೆಯದೆಂದು ನನ್ನ ನಮ್ರ ಅಭಿಪ್ರಾಯ.